ಥಾರ್ನ್‌ವೆಲ್ ಮನೆಯ ಹೆಣ್ಣುಮಕ್ಕಳು

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಸುಮ್ಮನಿರುವ ವಸ್ತು ಅಂತ ಒಂದೂ ಇರಲಿಲ್ಲ. ಬಾಗಿಲು ತೆಗೆದರೆ ಹಜಾರ, ಹಜಾರದ ತುಂಬ ಎರಡು ಪವರ್‌ಲೂಮ್ ಮಗ್ಗ, ಪಕ್ಕದಲ್ಲಿ ಒಬ್ಬರು ಮೈ ಹಿಡಿ ಮಾಡಿಕೊಂಡು ನಡೆಯುವಷ್ಟು ದಾರಿ. ಅದನ್ನು ದಾಟಿದರೆ ನಡುಮನೆ, ಎಡಕ್ಕೆ ದೇವರ ಮನೆ, ಹಿಂದೆ ಅಡುಗೆಮನೆ. ಬೆಳಗ್ಗೆ ಅಪ್ಪ ಸ್ವಿಚ್ಚು ಹಾಕಿದ ಕ್ಷಣದಿಂದ ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತಿದ್ದವು, ಬಿಂದಿಗೆಯ ನೀರು ನಡುಗುತ್ತಿತ್ತು, ಗೋಡೆಯ ಕ್ಯಾಲೆಂಡರು ದಿನಕ್ಕೆ ಎರಡು ಸಲವಾದರೂ ಸೊಟ್ಟಗಾಗುತ್ತಿತ್ತು. ನಾವು ಮೂವರೂ ಕಿರುಚಿಕೊಂಡೇ ಮಾತಾಡುತ್ತಿದ್ದೆವು. ನೆಂಟರ ಮನೆಗೆ ಹೋದಾಗಲೂ ದನಿ ಇಳಿಸಲು ಬರುತ್ತಿರಲಿಲ್ಲ. ಕರೆಂಟು ಹೋಗಿ ಮನೆ ದಿಢೀರನೆ ತಣ್ಣಗಾದರೆ ನಮಗೆ ನೆಮ್ಮದಿಯೇನೂ ಆಗುತ್ತಿರಲಿಲ್ಲ. ಅಪ್ಪ ಬೀದಿಗೆ ಹೋಗಿ ನಿಲ್ಲುತ್ತಿದ್ದರು, ಅಮ್ಮ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು, ನಾನು ಒಳಗೂ ಹೊರಗೂ ಓಡಾಡುತ್ತಿದ್ದೆ. ನಲವತ್ತು ದಾಟಿದ ಮೇಲೂ ನಾನು ಕೂತ ಕಡೆ ಕೂರುವವಳಲ್ಲ. ನನ್ನ ಗ್ರಹಚಾರವೇ ಹಾಗೆ ಅಂತ ಹೇಳುವವರಿದ್ದಾರೆ. ನನ್ನನ್ನು ಕೇಳಿದರೆ ಕಾರಣ ಎರಡು: ಒಂದು ಆ ಮಗ್ಗಗಳು, ಇನ್ನೊಂದು ಅಮೆರಿಕದ ಥಾರ್ನ್‌ವೆಲ್ ಮನೆತನ.

ಥಾರ್ನ್‌ವೆಲ್ಲರು ನಮ್ಮ ಮನೆಗೆ ಬಂದದ್ದು ಮೂರ್ತಿ ಮಾವನ ಜೊತೆ, ಲಗೇಜ್ ಆಟೋದಲ್ಲಿ. ಮೂರ್ತಿ ಮಾವ ಅಮ್ಮನ ಚಿಕ್ಕಮ್ಮನ ಮಗ. ಹೊರದೇಶದ ಹಳೆಯ ಕಾಗದಪತ್ರಗಳನ್ನು ಕಂಪ್ಯೂಟರಿಗೆ ಇಳಿಸುವ ಯಶವಂತಪುರದ ಒಂದು ಸಣ್ಣ ಆಫೀಸಿನಲ್ಲಿ ಕೆಲಸಕ್ಕಿದ್ದ. ಕೆಲಸ ಕೈಮೀರಿದಾಗ ಅವರು ಮನೆಯಲ್ಲೇ ಕೂತು ಟೈಪು ಮಾಡುವವರಿಗೂ ಹಂಚುತ್ತಿದ್ದರಂತೆ. ಅಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ ಇಂಗ್ಲಿಷ್ ಟೈಪಿಂಗ್ ಜೂನಿಯರ್ ಪಾಸು ಮಾಡಿದ್ದವಳು. ಮದುವೆಯಾದ ಮೇಲೆ ಆ ಸರ್ಟಿಫಿಕೇಟು ಟ್ರಂಕಿನ ತಳ ಸೇರಿತ್ತು, ಅಮ್ಮನ ಬೆರಳುಗಳು ಸೀರೆಯ ಹಿಂದೆ ಉಳಿದ ನೂಲು ಕತ್ತರಿಸುವುದಕ್ಕೆ ಬಿದ್ದಿದ್ದವು. ಒಂದು ಭಾನುವಾರ ಮಾವ ಆಫೀಸಿನ ಹಳೇ ಕಂಪ್ಯೂಟರು, ಒಂದು ಡಬ್ಬಿ ತುಂಬ ಸಿಡಿ ತಂದಿಳಿಸಿ ಕೆಲಸ ಹೇಳಿಕೊಟ್ಟ. ಅಮೆರಿಕದಲ್ಲಿ ಯಾರೋ ಒಬ್ಬ ಮುದುಕಿಗೆ ತನ್ನ ವಂಶದ ಪುಸ್ತಕ ಮಾಡಿಸುವ ಆಸೆ. ಹಿರಿಯರು ಬರೆದಿಟ್ಟ ನೋಟುಬುಕ್ಕು, ಬೈಬಲ್ಲಿನ ಮೊದಲ ಹಾಳೆ, ಚರ್ಚಿನ ಕಾಗದ ಎಲ್ಲವನ್ನೂ ಫೋಟೊ ಹಿಡಿದು ಕಳಿಸಿದ್ದಾಳೆ. ಆ ಕೈಬರಹ ನೋಡಿಕೊಂಡು ಒಬ್ಬೊಬ್ಬರಿಗೂ ಒಂದು ನಂಬರು ಕೊಟ್ಟು, ಹೆಸರು, ತಂದೆಯ ನಂಬರು, ಹುಟ್ಟು, ಮದುವೆ, ಸಾವು ಅಂತ ಸಾಲು ಸಾಲಾಗಿ ತುಂಬಬೇಕು. ಅಷ್ಟೇ.

ಕಂಪ್ಯೂಟರಿಗೆ ಜಾಗ ಸಿಕ್ಕಿದ್ದು ದೇವರ ಮನೆಯಲ್ಲಿ. ಆ ಕೋಣೆಯ ಗೋಡೆಯಾಚೆ ಇದ್ದವರ ಮನೆಯಲ್ಲಿ ಮಗ್ಗವಿರಲಿಲ್ಲ, ಹಾಗಾಗಿ ನಡುಕ ಕಡಿಮೆ. ನೂಲಿನ ಹಿಂಜೂ ಅಲ್ಲಿಗೆ ಹಾರಿ ಬರುತ್ತಿರಲಿಲ್ಲ. ಮೇಲಿನ ಹಲಗೆಯಲ್ಲಿ ಚೌಡೇಶ್ವರಿ, ಕೆಳಗೆ ಸ್ಟೂಲಿನ ಮೇಲೆ ಥಾರ್ನ್‌ವೆಲ್ಲರು, ಅವರ ಮೇಲೆ ಅಂಚು ತಪ್ಪಿದ ಒಂದು ಸೀರೆಯ ತುಂಡು. ಅಮ್ಮ ಸ್ನಾನ ಮಾಡದೆ ಟೈಪಿಗೆ ಕೂರುತ್ತಿರಲಿಲ್ಲ. ತಿಂಗಳ ಮೂರು ದಿನ ದೇವರ ಮನೆಗೆ ಕಾಲಿಡುವಂತಿರಲಿಲ್ಲವಾದ್ದರಿಂದ ಆ ಮೂರು ದಿನ ಹತ್ತು ವರ್ಷದ ನಾನೇ ಟೈಪಿಸ್ಟು. ಅಮ್ಮ ಹೊಸ್ತಿಲಾಚೆ ಚಾಪೆ ಹಾಸಿಕೊಂಡು, ಕತ್ತು ಉದ್ದ ಮಾಡಿ ಪರದೆಯ ಮೇಲಿನ ಕೈಬರಹ ನೋಡಿ ಒಂದೊಂದೇ ಅಕ್ಷರ ಕೂಗುತ್ತಿದ್ದಳು, ನಾನು ಎರಡು ಬೆರಳಿನಲ್ಲಿ ಕುಟ್ಟುತ್ತಿದ್ದೆ. ತಪ್ಪು ಹೊಡೆದರೆ ಮುಟ್ಟಿ ಹೊಡೆಯುವ ಹಾಗಿಲ್ಲವಲ್ಲ, ಬೈಗುಳ ಮಾತ್ರ ಒಳಗೆ ಬರುತ್ತಿತ್ತು. ಆ ಮೂರು ದಿನಗಳಿಗಾಗಿ ನಾನು ಕಾಯುತ್ತಿದ್ದೆ ಅಂತ ಈಗ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಕೆಲವೇ ವಾರಗಳಲ್ಲಿ ಥಾರ್ನ್‌ವೆಲ್ಲರು ನಮಗೆ ಹಿಂದಿನ ಬೀದಿಯವರಷ್ಟು ಗೊತ್ತಾಗಿಬಿಟ್ಟರು. ಅಮೆರಿಕ ಇನ್ನೂ ಇಂಗ್ಲೆಂಡಿನ ರಾಜನ ಕೈಕೆಳಗಿದ್ದ ಕಾಲದಲ್ಲಿ ಮೊದಲನೆಯವನು ಹಡಗು ಹತ್ತಿ ಬಂದಿದ್ದ. ಪೀಪಾಯಿ ಮಾಡುವುದು ಅವನ ಕಸುಬು. ಕೈಕೆಲಸದವನು ಅಂತ ತಿಳಿದ ಕೂಡಲೇ ಅಮ್ಮನಿಗೆ ಅವನ ಮೇಲೆ ಗೌರವ ಬಂತು. ಅವನ ಮಗ ಹೊಳೆಯ ದಂಡೆಯಲ್ಲಿ ಹಿಟ್ಟಿನ ಗಿರಣಿ ಹಾಕಿದ. ಮೊಮ್ಮಗನೊಬ್ಬ ರಾಜನ ಮೇಲೆ ಯುದ್ಧಕ್ಕೆ ಹೋಗಿ ಎರಡು ಬೆರಳು ಕಳೆದುಕೊಂಡು ಬಂದ. ಇನ್ನೊಬ್ಬ ಎತ್ತಿನ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೋದವನು ಎರಡು ಸಾಲು ಆಗುವಷ್ಟರಲ್ಲಿ ಜ್ವರದಿಂದ ಸತ್ತ, ಆ ದಿನ ಅಮ್ಮ ಮಧ್ಯಾಹ್ನದ ಊಟಕ್ಕೆ ತಡವಾಗಿ ಎದ್ದಳು. ಗಂಡುಮಕ್ಕಳ ಹೆಸರು ಎಬೆನೇಜರ್, ನಥಾನಿಯಲ್, ಜೊಸಾಯ ಅಂತೆಲ್ಲ ನಾಲಿಗೆ ತಿರುಚುವಂಥವು. ಹೆಣ್ಣುಮಕ್ಕಳ ಹೆಸರು ಪೇಶೆನ್ಸ್, ಮರ್ಸಿ, ಸೈಲೆನ್ಸ್, ಥ್ಯಾಂಕ್‌ಫುಲ್. ಮೂರ್ತಿ ಮಾವ ಒಂದೊಂದರ ಅರ್ಥ ಹೇಳಿದಾಗ ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ತಾಳ್ಮೆ, ದಯೆ, ಮೌನ, ಉಪಕಾರ ಸ್ಮರಣೆ. ಗಂಡುಮಕ್ಕಳಿಗೆ ಹೆಸರಿಟ್ಟು ಹೆಣ್ಣುಮಕ್ಕಳಿಗೆ ಬುದ್ಧಿವಾದ ಹೇಳಿ ಮುಗಿಸಿದ್ದಾರೆ ಅಂದಳು. ಊಟಕ್ಕೆ ಕೂತಾಗ ಜೊಸಾಯ ಮೂರನೇ ಮದುವೆಯಾದ ಸುದ್ದಿ ಹೇಳಿದರೆ ಅಪ್ಪ ಮುದ್ದೆ ಮುರಿಯುತ್ತ, ಮೊದಲನೆಯವಳ ಮಕ್ಕಳನ್ನು ಯಾರು ನೋಡಿಕೊಂಡರು ಅಂತ ಕೇಳುತ್ತಿದ್ದರು.

ತಪ್ಪು ನಡೆದದ್ದು ಇಲ್ಲೇ, ಇಷ್ಟು ಖುಷಿಯ ನಡುವೆಯೇ. ನಮ್ಮ ಕಡೆ ಹೆಣ್ಣನ್ನು ಧಾರೆ ಎರೆದುಕೊಟ್ಟ ಮೇಲೆ ಅವಳು ಗಂಡನ ಗೋತ್ರ ಸೇರಿದಳು ಅಂತ ಅರ್ಥ. ಹುಟ್ಟಿದ ಮನೆಯ ಲೆಕ್ಕದಲ್ಲಿ ಅವಳ ಸಾಲು ಅಲ್ಲಿಗೆ ಮುಗಿಯಿತು, ಅವಳ ಮಕ್ಕಳು ಬೇರೆ ಮನೆಯವರು. ಇದನ್ನು ಅಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡುವ ಅಗತ್ಯವೂ ಇರಲಿಲ್ಲ. ಥ್ಯಾಂಕ್‌ಫುಲ್ ಥಾರ್ನ್‌ವೆಲ್, ಬೇಕರ್ ಎಂಬವನನ್ನು ಮದುವೆಯಾದಳು ಅಂತ ಒಂದು ಸಾಲು ಹೊಡೆದು ಅಮ್ಮ ಮುಂದಿನ ಗಂಡುಮಗನಿಗೆ ಹೋಗಿಬಿಡುತ್ತಿದ್ದಳು. ಆಮೇಲೆ ಬಂದ ಬೇಕರ್ ಮಕ್ಕಳ ಪುಟ, ಮರ್ಸಿಯ ಮಕ್ಕಳ ಪುಟ, ಪೇಶೆನ್ಸಳ ಮೊಮ್ಮಕ್ಕಳ ಪುಟ ಎಲ್ಲ ಅವಳಿಗೆ ಯಾರೋ ಬೇರೆ ಮನೆಯವರ ಕಾಗದದ ಹಾಗೆ ಕಂಡವು. ಪಾಪ, ಆ ಮುದುಕಿಗೆ ವಯಸ್ಸಾಗಿದೆ, ಅವರಿವರ ಮನೆಯ ಪುಟಗಳೂ ಕಲೆತು ಬಂದಿವೆ, ನಾನು ಬೇರೆ ತೆಗೆದಿಟ್ಟಿದ್ದೀನಿ ಅಂತ ಮೂರ್ತಿ ಮಾವನಿಗೆ ಹೆಮ್ಮೆಯಿಂದ ಹೇಳಿದ್ದಳು. ಮಾವನೂ ನಮ್ಮವನೇ ಅಲ್ಲವೇ, ಒಳ್ಳೇದಾಯ್ತಕ್ಕ ಅಂತ ತಲೆಯಾಡಿಸಿದ್ದ.

ಆ ದಿನಗಳಲ್ಲಿ ಅಪ್ಪನ ಅಕ್ಕ ಸರೋಜತ್ತೆ ಎರಡು ಬೀದಿ ಆಚೆಯ ತನ್ನ ಮನೆಯಿಂದ ದಿನಾ ನಮ್ಮಲ್ಲಿಗೆ ಬರುತ್ತಿದ್ದಳು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಗ ನೆಲಮಂಗಲದ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ಅತ್ತೆ ನಡುಮನೆಯ ಮೂಲೆಯಲ್ಲಿ ಕಾಲು ನೀಡಿ ಕೂತು, ರಾಟೆ ತಿರುಗಿಸಿ, ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕೆಯ ಕೊಳವೆಗೆ ನೂಲು ಸುತ್ತುತ್ತಿದ್ದಳು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು, ಬಸ್ಸಿನ ಬೋರ್ಡು ಓದುತ್ತಿದ್ದಳು, ಮಾತು ಕಡಿಮೆ. ಇದೇ ಮನೆಯಲ್ಲಿ ಹುಟ್ಟಿ ಬೆಳೆದವಳಾದರೂ ಯಾವ ಡಬ್ಬಿಯನ್ನೂ ತಾನಾಗಿ ತೆಗೆದವಳಲ್ಲ, ಉಪ್ಪು ಬೇಕಿದ್ದರೂ ಅಮ್ಮನನ್ನು ಕೇಳುತ್ತಿದ್ದಳು. ಅಪ್ಪ ಗೌರಿ ಹಬ್ಬದ ಬಾಗಿನ ಒಂದು ವರ್ಷವೂ ತಪ್ಪಿಸಿದವರಲ್ಲ. ಅದನ್ನು ಅವಳು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದಳು. ಅಲ್ಲಿಗೆ ಇಬ್ಬರ ನಡುವೆ ಬಾಕಿ ಏನೂ ಇಲ್ಲ ಎಂಬುದು ಅಪ್ಪನ ನಂಬಿಕೆ.

ಆಷಾಢದ ಒಂದು ಭಾನುವಾರ ಮೂರ್ತಿ ಮಾವ ಮುಖ ಸಣ್ಣದು ಮಾಡಿಕೊಂಡು ಬಂದ. ಅಮ್ಮ ಟೈಪು ಮಾಡಿದ್ದೆಲ್ಲ ಅಮೆರಿಕಕ್ಕೆ ಹೋಗಿ ವಾಪಸು ಬಂದಿತ್ತು. ಕೈಯಲ್ಲಿದ್ದ ಹಾಳೆಯನ್ನು ಅಮ್ಮನ ಮುಂದೆ ಹಿಡಿದು ಮಾವ ಹೇಳಿದ:

“ಆ ಮುದುಕಿ ಬರ್ದಿದಾಳೆ ನೋಡಕ್ಕ. ಇದರಲ್ಲಿ ನಾನೇ ಇಲ್ವಲ್ಲ ಅಂತ.”

“ಅವಳು ಯಾರ ಮಗಳಂತೆ?”

“ಥ್ಯಾಂಕ್‌ಫುಲ್ ಇದಾಳಲ್ಲ, ಅವಳ ಕಡೆಯೋಳು. ಮಗಳು, ಮಗಳ ಮಗಳು, ಹಂಗೇ ಇಳ್ಕೊಂಡು ಬಂದಿದೆ.”

“ಹಂಗಾದ್ರೆ ಅವಳು ಆ ಮನೆಯೋಳೇ ಅಲ್ವಲ್ಲೋ. ಇವರ ವಂಶ ಕಟ್ಕೊಂಡು ಅವಳಿಗೇನಾಗ್ಬೇಕು?”

ಮಾವ ಹಾಳೆಯನ್ನು ಮಡಚಿ ಅಮ್ಮನ ಕೈಗಿಟ್ಟ. ಅಮ್ಮ ತಾನು ಆಡಿದ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ಗೋಡೆಗೆ ಒರಗಿದಳು. ಪುಸ್ತಕ ಮಾಡಿಸಲು ಹೊರಟವಳನ್ನೇ ಪುಸ್ತಕದಿಂದ ಹೊರಗಿಟ್ಟಿದ್ದೆವು, ಅದೂ ಬಹಳ ಅಚ್ಚುಕಟ್ಟಾಗಿ. ನನಗೆ ನಗು ಬಂತು, ಅಮ್ಮನ ಮುಖ ನೋಡಿ ನುಂಗಿಕೊಂಡೆ.

ಮಾರನೇ ದಿನದಿಂದ ಅಮ್ಮ ಬೇರೆ ತೆಗೆದಿಟ್ಟಿದ್ದ ಪುಟಗಳನ್ನು ಮೊದಲಿನಿಂದ ಹಿಡಿದಳು. ಹೆಣ್ಣುಮಕ್ಕಳ ಕಡೆಯ ಜನ ಗಂಡುಮಕ್ಕಳ ಕಡೆಯವರಿಗಿಂತ ಜಾಸ್ತಿಯೇ ಇದ್ದರು. ಒಂದು ಮರ್ಸಿಯ ಹಿಂದೆ ಹೋದರೆ ಏಳು ಮನೆ ತೆರೆಯುತ್ತಿತ್ತು, ಆ ಏಳರ ಹೆಣ್ಣುಮಕ್ಕಳ ಹಿಂದೆ ಹೋದರೆ ಇನ್ನಷ್ಟು. ನಂಬರುಗಳೆಲ್ಲ ಮೇಲೆ ಕೆಳಗಾಗಿ ಹೋದವು. ಅಮ್ಮನಿಗೆ ಹುಚ್ಚು ಹಿಡಿದ ಹಾಗಾಯಿತು. ನಾಲ್ಕು ಸಾಲು ಹೊಡೆದು ಎದ್ದು ಹಿತ್ತಿಲಿಗೆ ಹೋಗಿ ಬರುವುದು, ಮತ್ತೆ ಕೂರುವುದು, ಒಲೆಯ ಮೇಲಿನ ಸಾರು ಸೀದ ವಾಸನೆ ಬಂದ ಮೇಲೆ ಓಡುವುದು. ಸೀರೆಗಳ ನೂಲು ಕತ್ತರಿಸದೆ ಹಾಗೇ ಮಡಚಿಟ್ಟಿದ್ದಕ್ಕೆ ಅಂಗಡಿಯವರು ದೂರು ಹೇಳಿದರು. ಅಮೆರಿಕದವರ ಮನೆ ಎತ್ತಿ ನಿಲ್ಲಿಸಲು ಹೋಗಿ ನಮ್ಮ ಮನೆ ಮಲಗಿಸುತ್ತೀಯ ಅಂತ ಅಪ್ಪ ರೇಗಿದರು. ಬೈಸಿಕೊಂಡು ಸುಮ್ಮನಿರುವ ಅಭ್ಯಾಸದ ಅಮ್ಮ ಆ ದಿನ, ಮಲಗಿದರೆ ಮಲಗಲಿ, ತಪ್ಪು ನನ್ನದು, ತಿದ್ದುತ್ತೀನಿ ಅಂದಳು. ಆ ತಿಂಗಳ ಮೂರು ದಿನ ಬಂದಾಗ ಚಾಪೆ ಹಾಸಲಿಲ್ಲ. ಸ್ಟೂಲು, ಕಂಪ್ಯೂಟರು ಎರಡನ್ನೂ ಎಳೆದು ಅಡುಗೆಮನೆಯ ರಾಗಿ ಡ್ರಮ್ಮಿನ ಪಕ್ಕಕ್ಕೆ ತಂದು ತಾನೇ ಕೂತಳು, ನನ್ನ ಕೆಲಸ ಹೋಯಿತು. ಆಮೇಲೆ ಅದು ದೇವರ ಮನೆಗೆ ಮರಳಲೇ ಇಲ್ಲ.

ಕೆಲಸ ಹೋದ ಸಿಟ್ಟಿಗೆ ನಾನು ನನ್ನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ನಮ್ಮ ಮನೆಯನ್ನು ಅದೇ ರೀತಿ ಬರೆಯಲು ಹೊರಟೆ. ಒಂದು, ಚೌಡಪ್ಪ, ನನ್ನ ತಾತ. ಎರಡು, ನಾಗರಾಜ, ನನ್ನ ಅಪ್ಪ. ಮೂರು, ನಾನು. ಅಮ್ಮ ಮೊದಲು ಹಿಡಿದಿದ್ದ ರೀತಿಯಲ್ಲಿ ನೋಡಿದರೆ ಮೂರರ ಮುಂದೆ ಮದುವೆ ಅಂತ ಬರೆದು ನಿಲ್ಲಿಸಬೇಕು. ನಾನೊಬ್ಬಳೇ ಮಗಳು, ಅಂದರೆ ನನ್ನ ಮದುವೆಯ ದಿನ ನಮ್ಮ ಮನೆಯೇ ಮುಗಿದುಹೋಗುತ್ತದೆ. ನನಗೆ ಹೆದರಿಕೆಯಾಯಿತು. ತಟ್ಟೆ ತೊಳೆಯುತ್ತಿದ್ದ ಅಮ್ಮನ ಹತ್ತಿರ ಹೋಗಿ ನಾನು ಮದುವೆಯಾಗುವುದಿಲ್ಲ ಅಂದೆ. ಏನಾಯಿತೇ ನಿನಗೆ ಅಂತ ಅವಳು ಒದ್ದೆ ಕೈಯಲ್ಲೇ ಹಣೆ ಮುಟ್ಟಿ ನೋಡಿದಳು. ಆದರೆ ಆ ಹಾಳೆಯಲ್ಲಿ ಸರೋಜತ್ತೆಯನ್ನು ನಾನು ಬರೆದೇ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಣ್ಣೆದುರು ಕೂತಿರುತ್ತಿದ್ದವಳು, ನನಗೆ ಹೊಳೆಯಲೇ ಇಲ್ಲ. ನನ್ನ ಬಗ್ಗೆ ನನಗೇ ಬೇಸರ ತರಿಸುವ ಸಂಗತಿಗಳಲ್ಲಿ ಇದೂ ಒಂದು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಮ್ಮ ಆ ಮುದುಕಿಯವರೆಗೆ ಬಂದು ಮುಟ್ಟಿದಳು. ಪೀಪಾಯಿ ಮಾಡುವವನಿಂದ ಥ್ಯಾಂಕ್‌ಫುಲ್, ಅವಳಿಂದ ಹೆಣ್ಣಿನ ಹಿಂದೆ ಹೆಣ್ಣು, ಪ್ರತಿ ಸಲವೂ ಮನೆಯ ಹೆಸರು ಬದಲಾಗುತ್ತ ಬಂದು, ಕೊನೆಗೆ ಅವಳು. ಅಮ್ಮ ಅವಳ ಹೆಸರು ಹೊಡೆದು, ಓಡಿ ಹೋಗಿ ಅತ್ತೆಯನ್ನು ರಾಟೆಯಿಂದ ಎಬ್ಬಿಸಿಕೊಂಡು ಬಂದಳು. ಇವಳು ಇವಳ ಮಗಳು ಅಂತ ಅಮ್ಮ ಬೆರಳಿಟ್ಟು ತೋರಿಸಿದ ಇಂಗ್ಲಿಷ್ ಅಕ್ಷರಗಳನ್ನು ಅತ್ತೆ ಬಹಳ ಹೊತ್ತು ನೋಡಿದಳು.

“ಈ ಹೆಣ್ಮಕ್ಕಳ ತವರಿನೋರು ಇವರನ್ನೆಲ್ಲ ಬರ್ದಿಟ್ಟಿದ್ರಾ?”

“ಬರ್ದಿದ್ರು ಅಕ್ಕ. ಬಿಟ್ಟಿದ್ದು ನಾನು.”

ಅತ್ತೆ ಹೂಂ ಅಂದು ರಾಟೆಗೆ ವಾಪಸು ಹೋದಳು. ಅವಳು ಏನಾದರೂ ಹೇಳುತ್ತಾಳೆ ಅಂತ ಅಮ್ಮ ಬಾಗಿಲಲ್ಲೇ ನಿಂತು ಕಾದಳು, ರಾಟೆ ಮತ್ತೆ ತಿರುಗತೊಡಗಿತು.

ಆ ಸಂಕ್ರಾಂತಿಯ ಹೊತ್ತಿಗೆ ದೇವನಹಳ್ಳಿ ಆಚೆಯ ಆವತಿ ಎಂಬ ಹಳ್ಳಿಯ ಹೊಲದ ಮಾತು ಶುರುವಾಯಿತು. ಅದು ಮಳೆಯನ್ನೇ ನಂಬಿದ, ತಾತನ ಒಂದು ತುಂಡು ಬೆದ್ದಲು. ಅಲ್ಲಿಯವರೇ ಯಾರೋ ವಾರಕ್ಕೆ ಮಾಡಿಕೊಂಡು ಸುಗ್ಗಿಯಲ್ಲಿ ನಮ್ಮ ಪಾಲಿನ ರಾಗಿ ತಂದುಹಾಕುತ್ತಿದ್ದರು. ದೇವನಹಳ್ಳಿ ಕಡೆ ವಿಮಾನ ನಿಲ್ದಾಣ ಬರುತ್ತದಂತೆ ಅಂತ ಸುದ್ದಿ ಹಬ್ಬಿ, ಕಾರುಗಳಲ್ಲಿ ಬಂದು ಹೊಲ ನೋಡಿಕೊಂಡು ಹೋಗುವವರು ಹೆಚ್ಚಿದ್ದರು. ತಾತ ಸತ್ತು ಎಷ್ಟೋ ವರ್ಷಗಳಾಗಿದ್ದರೂ ಖಾತೆ ಅವರ ಹೆಸರಿನಲ್ಲೇ ಇತ್ತು. ಅದನ್ನು ಬದಲಾಯಿಸಲು ವಂಶವೃಕ್ಷ ಬರೆದು, ವಾರಸುದಾರರು ಬಂದು ಹೇಳಿಕೆ ಕೊಡಬೇಕು ಅಂತ ಗ್ರಾಮ ಲೆಕ್ಕಿಗರು ಹೇಳಿ ಕಳಿಸಿದರು. ಅಪ್ಪ ಕೆಟ್ಟವರಲ್ಲ, ಭಯಸ್ಥರು. ಎದುರು ಮನೆಯ ಅಣ್ಣತಂಗಿ ಜಾಗದ ವಿಷಯಕ್ಕೆ ಕೋರ್ಟು ಹತ್ತಿ, ಒಂದೇ ಬೀದಿಯಲ್ಲಿ ಮುಖ ತಿರುಗಿಸಿಕೊಂಡು ಓಡಾಡುವುದನ್ನು ದಿನಾ ನೋಡುತ್ತಿದ್ದರು. ಅವರು ಹಳೇ ಕ್ಯಾಲೆಂಡರಿನ ಹಿಂದೆ ಮೇಲೆ ತಾತನ ಹೆಸರು, ಕೆಳಗೆ ತಮ್ಮ ಹೆಸರು, ನಡುವೆ ಒಂದು ಗೀಟು ಎಳೆದು ತಂದು ಅಮ್ಮನ ಮುಂದಿಟ್ಟರು. ನಿನಗೆ ಈಗ ಇದೆಲ್ಲ ಅಭ್ಯಾಸವಾಗಿದೆಯಲ್ಲ, ನಿನ್ನ ಅಕ್ಷರವೂ ದುಂಡಗಿದೆ, ಒಳ್ಳೇ ಹಾಳೆಯ ಮೇಲೆ ಬರೆದುಕೊಡು ಅಂದರು. ಅಮ್ಮ ಕೈ ತೊಳೆದುಕೊಂಡು ಬಂದು, ಮಣೆಯ ಮೇಲೆ ಹಾಳೆ ಇಟ್ಟುಕೊಂಡು ತಾತನ ಹೆಸರು ಬರೆದಳು. ಕೆಳಗೆ ಒಂದರ ಬದಲು ಎರಡು ಗೀಟು ಎಳೆದಳು.

“ಎರಡ್ಯಾಕೆ?” ಅಂದರು ಅಪ್ಪ.

“ಅಕ್ಕನ ಹೆಸರು.”

“ಅದು ಬೇಡ. ಕೊಟ್ಟ ಹೆಣ್ಣು ಅವಳು. ಸುಮ್ನೆ ತಕರಾರು.”

“ಈ ತಪ್ಪನ್ನ ಒಂದ್ಸಲ ಮಾಡಿದೀನಿ. ಇನ್ನೊಂದ್ಸಲ ಕೂತ್ಕೊಂಡು ತಿದ್ದೋ ಶಕ್ತಿ ನಂಗಿಲ್ಲ.”

ಅಪ್ಪ ಕೂಗಾಡಿದರು. ಯಾವುದೋ ದೇಶದವರ ಕಥೆಯನ್ನು ನಮ್ಮ ಮನೆಗೆ ತರಬೇಡ, ಅವರಿಗೆ ಹೊಲವೂ ಇಲ್ಲ ಅಕ್ಕನೂ ಇಲ್ಲ, ಕಾಗದ ಮಾತ್ರ ಇದೆ ಅಂದರು. ಕರೆಂಟು ಹೋಗಿ ಮಗ್ಗ ನಿಂತಿದ್ದು ಅವರಿಗೆ ನೆನಪಿರಲಿಲ್ಲ. ಮಗ್ಗದ ಸದ್ದನ್ನು ಮೀರಿಸುವ ದನಿಯಲ್ಲೇ ಕೂಗುತ್ತಿದ್ದರು, ಅದು ಬೀದಿಗೂ ಕೇಳುತ್ತಿತ್ತು. ಅಮ್ಮ ಪೆನ್ನು ಹಿಡಿದೇ ಇದ್ದಳು, ಬರೆಯಲೂ ಇಲ್ಲ, ಕೆಳಗಿಡಲೂ ಇಲ್ಲ. ನಡುಮನೆಯಲ್ಲಿ ರಾಟೆ ನಿಂತದ್ದು ನನಗೆ ಮೊದಲು ಗೊತ್ತಾಯಿತು. ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಪ್ಪನ ಕಿವಿ ಕೆಂಪಾಯಿತು.

“ಹೆಸರು ಬರ್ಸು ನಾಗ,” ಅಂದಳು. “ಹೊಲ ನಿನ್ನದೇ. ಬೇಡ ಅನ್ನೋದನ್ನ ನಾನೇ ಬಂದು ಹೇಳ್ತೀನಿ. ಆ ಕಾಗದದಲ್ಲಿ ಇಲ್ದೇ ಇರೋಳು ಬೇಡ ಅಂತ ಹೆಂಗನ್ನೋದು?”

ಅಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ಅಕ್ಕನ ಮಾತು ಅಂದರೆ ಮಾತು, ಇನ್ನೇನು ಬೇಕು ಅಂತ ಪಂಚೆ ಕೊಡವಿಕೊಂಡು ಎದ್ದರು. ಹಿರಿಯಳು ಅಂತ ಅಮ್ಮ ಮೊದಲ ಗೀಟಿನ ಕೆಳಗೆ ಸರೋಜಮ್ಮ, ಎರಡನೆಯದರ ಕೆಳಗೆ ನಾಗರಾಜ ಅಂತ ಬರೆದಳು. ಅಪ್ಪನ ಹೆಸರಿನ ಕೆಳಗೆ ಇನ್ನೂ ಸ್ವಲ್ಪ ಜಾಗ ಇತ್ತು. ಅಲ್ಲಿ ನನ್ನ ಹೆಸರನ್ನೂ ಬರೆದು ಹಾಳೆ ಊದಿ ಒಣಗಿಸಿದಳು.

ಆವತಿಗೆ ನಾವು ನಾಲ್ವರೂ ಹೋದೆವು. ನನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲವೆಂದು ಶಾಲೆ ತಪ್ಪಿಸಿದ್ದರು. ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸುವಾಗ ಅಪ್ಪ ಅತ್ತೆಗೆ ಎಳನೀರು ಕುಡಿಸಿದರು, ಬಿಸಿಲು ಹೊಡೆಯದಿರಲಿ ಅಂತ ನೆರಳಿನಲ್ಲಿ ನಿಲ್ಲಿಸಿದರು. ಪಂಚಾಯಿತಿ ಕಟ್ಟಡದ ಜಗಲಿಯಲ್ಲಿ ಗ್ರಾಮ ಲೆಕ್ಕಿಗರು ಮೇಜು ಹಾಕಿಕೊಂಡು ಕೂತಿದ್ದರು. ತಾತನನ್ನು ಕಂಡಿದ್ದ ಇಬ್ಬರು ಮುದುಕರು ಸಾಕ್ಷಿಗೆ ಬಂದಿದ್ದರು. ಚೌಡಪ್ಪನ ಮಗಳಲ್ಲವೇನಮ್ಮ ನೀನು, ಮೂಗು ಥೇಟ್ ಅವನದೇ ಅಂತ ಒಬ್ಬರು ಹೇಳಿದರು. ಅತ್ತೆ ಮೂಗು ಮುಟ್ಟಿಕೊಂಡಳು. ಲೆಕ್ಕಿಗರು ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವಂತೆ ಅಮ್ಮನ ಹಾಳೆ ಓದಿದರು: ಚೌಡಪ್ಪ, ಮರಣ. ಇವರಿಗೆ ಮಕ್ಕಳು ಇಬ್ಬರು. ಒಂದು, ಸರೋಜಮ್ಮ, ಮಗಳು. ಎರಡು, ನಾಗರಾಜ, ಮಗ. ಆಮೇಲೆ ತಲೆಯೆತ್ತಿ, ಖಾತೆ ತಮ್ಮನ ಹೆಸರಿಗೆ ಮಾಡಲು ನಿಮ್ಮ ಒಪ್ಪಿಗೆ ಇದೆಯೇನಮ್ಮ ಅಂತ ಕೇಳಿದರು.

ಅತ್ತೆ ಮೇಜಿನ ಹತ್ತಿರಕ್ಕೆ ಬಂದಳು. ಹೇಳಕ್ಕ, ಅಂದರು ಅಪ್ಪ ಮೆಲ್ಲಗೆ. ಅತ್ತೆ ಲೆಕ್ಕಿಗರನ್ನು ಇನ್ನೊಂದು ಸಲ ಓದಲು ಕೇಳಿಕೊಂಡಳು. ಅವರು ಬೇಸರಿಸದೆ ಓದಿದರು. ಅತ್ತೆ ಸೆರಗನ್ನು ಹೆಗಲ ಸುತ್ತ ಎಳೆದುಕೊಂಡು, ಅಪ್ಪನ ಕಡೆ ನೋಡದೆ ಹೇಳಿದಳು:

“ಬೇಡ ಅಂತ ಹೇಳೋಕೇ ಬಂದಿದ್ದೆ ಸ್ವಾಮಿ. ಹೆಸರು ಕೇಳಿದ್ಮೇಲೆ ಬಾಯಿ ಬರ್ತಿಲ್ಲ. ನಂದೂ ಇರ್ಲಿ.”

ಅಪ್ಪ ಆ ಹಾಳೆಯನ್ನೇ ನೋಡುತ್ತ ನಿಂತರು. ಅವರು ಅದನ್ನು ಹರಿದುಹಾಕುತ್ತಾರೆ ಅಂತ ನನಗೆ ಹೆದರಿಕೆಯಾಗುತ್ತಿತ್ತು, ಅದೇ ಹೊತ್ತಿಗೆ ಯಾಕೆಂದು ತಿಳಿಯದೆ ಖುಷಿಯೂ ಆಗುತ್ತಿತ್ತು. ನಮ್ಮ ಮನೆಯ ಹೆಂಗಸೊಬ್ಬಳು ನಾಲ್ಕು ಜನರ ಮುಂದೆ ತನಗೂ ಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಲೆಕ್ಕಿಗರು ಜಂಟಿ ಖಾತೆ ಅಂತ ಬರೆದುಕೊಂಡರು. ಮೊದಲು ಅತ್ತೆ ಒಂದೊಂದೇ ಅಕ್ಷರ ಕೂಡಿಸಿ ರುಜು ಹಾಕಿದಳು, ಆಮೇಲೆ ಅಪ್ಪ ಪೆನ್ನು ತೆಗೆದುಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಮುಂದಿನ ಹೆಂಗಸರ ಸೀಟಿನಲ್ಲಿ ಒಬ್ಬಳೇ ಕೂತಳು. ನಾವು ಮೂವರು ಹಿಂದೆ. ಊರು ಹತ್ತಿರ ಬರುವವರೆಗೂ ಕಿಟಕಿಯಾಚೆ ನೋಡುತ್ತಿದ್ದ ಅಪ್ಪ ಅಮ್ಮನ ಕಡೆ ತಿರುಗಿದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

“ಅವಳು ಹಿಂಗಂತಾಳೆ ಅಂತ ನಿಂಗೆ ಗೊತ್ತಿತ್ತಾ?”

“ಇಲ್ಲ,” ಅಂದಳು ಅಮ್ಮ. “ಗೊತ್ತಿದ್ರೂ ಬರೀತಿದ್ದೆ.”